ಭೂಮಿ ಗುಂಡಾದ ಮೇಲೆ ಮೇರು ಎಲ್ಲಿಗೆ ಹೋಯಿತು?

ಮಳೆಗಾಲ ಮುಗಿದು ಆಕಾಶ ತೊಳೆದಿಟ್ಟ ಹಾಗಿರುವ ಒಂದು ಬೆಳಗ್ಗೆ ಕರಾವಳಿಯ ನನ್ನ ಊರು ಕೋಡಿಯ ಕಡಲಬದಿಗೆ ಬಂದು, ಕಡಲಿಗೆ ಬೆನ್ನು ಹಾಕಿ ನಿಲ್ಲಬೇಕು. ತೆಂಗಿನ ತಲೆಗಳ ಮೇಲೆ ಘಟ್ಟದ ನೀಲಿ ಗೆರೆ. ಈಶಾನ್ಯಕ್ಕೆ ಕಣ್ಣು ಹಾಯಿಸಿದರೆ ಕೊಡಚಾದ್ರಿ. ಎತ್ತರ 1,343 ಮೀಟರ್. ನೇರ ಗೆರೆ ಎಳೆದರೆ ಇಲ್ಲಿಂದ ಮೂವತ್ತು ಕಿಲೋಮೀಟರ್ ಚಿಲ್ಲರೆ ದೂರ. ಪ್ರವಾಸಿಗರು ಸೂರ್ಯಾಸ್ತಕ್ಕೆಂದು ಪಶ್ಚಿಮಕ್ಕೆ ಮುಖ ಮಾಡಿ ನಿಲ್ಲುತ್ತಾರೆ. ಊರಿನವರಿಗೆ ಬೆನ್ನ ಹಿಂದಿನ ಬೆಟ್ಟವೂ ಅಷ್ಟೇ ಮುಖ್ಯ. ಕಡಲಿಗೆ ಹೋಗಿ ಬರುವವರಿಗಂತೂ ಅದೇ ಊರಿನ ಗುರುತು. "ಘಟ್ಟ ಮೊದ್ಲ್ ಕಾಂತ್, ಊರ್ ಕಡಿಗೆ" ಎಂಬ ಮಾತನ್ನು ನಾನು ಚಿಕ್ಕಂದಿನಿಂದ ಕೇಳುತ್ತಾ ಬಂದಿದ್ದೇನೆ.

ಆ ಮಾತಿನಲ್ಲಿ ಒಂದು ಖಗೋಳ ಪಾಠವೇ ಇದೆ ಎಂದು ತಿಳಿದದ್ದು ತೀರಾ ತಡವಾಗಿ. ಮರಳಿನ ಮೇಲೆ ನಿಂತ ಮನುಷ್ಯನ ಕಣ್ಣಿಗೆ ಕಡಲು ಕಾಣುವುದು ನಾಲ್ಕೂವರೆ ಕಿಲೋಮೀಟರ್ ತನಕ ಮಾತ್ರ. ಆಮೇಲೆ ನೀರು ಕೆಳಕ್ಕೆ ಬಾಗಿಬಿಡುತ್ತದೆ. ಹೊರಟ ಬೋಟಿನ ಒಡಲು ಮೊದಲು ಮುಳುಗುತ್ತದೆ, ಕಂಬ ಆಮೇಲೆ. ಬೋಟಿನಲ್ಲಿ ಕೂತವರಿಗೆ ಇದೇ ಆಟ ತಿರುವುಮುರುವು. ದಂಡೆಯ ಮರಳು ಮೊದಲು ಹೋಯಿತು, ಸುಮಾರು ಇಪ್ಪತ್ತು ಕಿಲೋಮೀಟರಿನ ಆಚೆ 20 ಮೀಟರ್ ಎತ್ತರದ ತೆಂಗೂ ಹೋಯಿತು, ಉಳಿದದ್ದು ಘಟ್ಟ. ಮಂಜು ಧೂಳು ಇಲ್ಲದಿದ್ದರೆ, ಲೆಕ್ಕದ ಪ್ರಕಾರ ಕೋಡಿಯಿಂದ ಸುಮಾರು ನೂರು ಕಿಲೋಮೀಟರ್ ಆಚೆಯ ನೀರಿನಿಂದಲೂ ಕೊಡಚಾದ್ರಿಯ ನೆತ್ತಿ ಕಾಣಬೇಕು. ಎತ್ತರವಾದದ್ದು ಕೊನೆಗೆ ಮುಳುಗುತ್ತದೆ, ಮೊದಲು ಏಳುತ್ತದೆ.

ಹಾಗಾದರೆ ಎಲ್ಲಕ್ಕಿಂತ ಎತ್ತರದ ಬೆಟ್ಟ ಯಾಕೆ ಯಾವ ಕಡಲಿನಿಂದಲೂ ಕಾಣುವುದಿಲ್ಲ? ನಾನು ಕೇಳುತ್ತಿರುವುದು ಎವರೆಸ್ಟಿನ ವಿಷಯವಲ್ಲ, ಮೇರುವಿನ ವಿಷಯ.

ನಮ್ಮ ಭಾಷೆಯಲ್ಲಿ ಕೊಡಚಾದ್ರಿಗಿಂತ, ಮುಳ್ಳಯ್ಯನಗಿರಿಗಿಂತ ಹೆಚ್ಚು ಸಲ ನಾಲಿಗೆಗೆ ಬರುವ ಬೆಟ್ಟ ಅದು. ದೊಡ್ಡ ಕಲಾವಿದ ತೀರಿಕೊಂಡರೆ ಪತ್ರಿಕೆಗಳು ಮೇರು ಕಲಾವಿದ ಎನ್ನುತ್ತವೆ. ವೀಣೆಯಲ್ಲಿ ತಂತಿಗಳು ಮೆಟ್ಟಿಲುಗಳ ಮೇಲೆ ಇಳಿಯುವ ಮುಂಚೆ ಹಾದು ಬರುವ ಚಿಕ್ಕ ಪಟ್ಟಿಗೆ ಮೇರು ಎಂದು ಹೆಸರು. ಶ್ರೀಚಕ್ರವನ್ನು ಗೆರೆಗಳಲ್ಲಿ ಬರೆಯದೆ ಲೋಹದಲ್ಲೋ ಕಲ್ಲಿನಲ್ಲೋ ಎತ್ತರಿಸಿ ಮಾಡಿದರೆ ಅದೂ ಮೇರು. ಛಂದಸ್ಸಿನವರು ಗುರು ಲಘುಗಳ ಲೆಕ್ಕಕ್ಕೆ ಅಂಕಿಗಳನ್ನು ಸಾಲು ಸಾಲಾಗಿ ಬೆಟ್ಟದಂತೆ ಪೇರಿಸುವುದು ಮೇರುಪ್ರಸ್ತಾರ. ಯುರೋಪಿನಲ್ಲಿ ಪ್ಯಾಸ್ಕಲ್ ಹೆಸರಿನಲ್ಲಿರುವ ತ್ರಿಕೋನವನ್ನು ಹತ್ತನೆಯ ಶತಮಾನದ ಹಲಾಯುಧ ಹೀಗೆ ವಿವರಿಸಿದ್ದ.

ನನಗೆ ಮೊದಲು ಸಿಕ್ಕಿದ ಮೇರು ಮಾತ್ರ ಇವು ಯಾವುದೂ ಅಲ್ಲ, ಆಚೆಮನೆ ಅಜ್ಜಿಯ ಜಪಮಾಲೆಯದು. ಸಂಜೆ ಚಾವಡಿಯಲ್ಲಿ ಕೂತು ಮಣಿ ಎಣಿಸುತ್ತಿದ್ದರು. ಮಾಲೆಯ ಗಂಟಿನ ಹತ್ತಿರ ಉಳಿದವುಗಳಿಗಿಂತ ದೊಡ್ಡದೊಂದು ಮಣಿ. ಬೆರಳು ಅಲ್ಲಿಗೆ ಬಂದಾಗ ಅಜ್ಜಿ ಮಾಲೆಯನ್ನು ತಿರುಗಿಸಿ ಬಂದ ದಾರಿಯಲ್ಲೇ ವಾಪಸು ಹೊರಡುತ್ತಿದ್ದರು. ಯಾಕೆ ಎಂದು ಕೇಳಿದ್ದಕ್ಕೆ ಸಿಕ್ಕಿದ ಉತ್ತರ: "ಮೇರು ದಾಟೂಕಾಗ, ಮಗಾ." ದಾಟಬಾರದ ಬೆಟ್ಟವೊಂದು ಅಷ್ಟು ಸಣ್ಣ ಮಣಿಯಾಗಿ ಅವರ ಹೆಬ್ಬೆರಳಿನ ಕೆಳಗೆ ಇತ್ತು. ತುಂಬಾ ಮುಟ್ಟಿ ಮುಟ್ಟಿ ನುಣುಪಾಗಿದ್ದವು ಉಳಿದ ಮಣಿಗಳು. ಅದೊಂದು ಮಾತ್ರ ಹೊಸದರ ಹಾಗೆ ಒರಟಾಗಿಯೇ ಇತ್ತು.

ಪುರಾಣದ ಮೇರುವಿನ ಅಳತೆ ಕೇಳಿದರೆ ತಲೆ ತಿರುಗುತ್ತದೆ. ವಿಷ್ಣುಪುರಾಣದ ಪ್ರಕಾರ ನೆಲದ ಮೇಲೆ 84,000 ಯೋಜನ, ನೆಲದೊಳಗೆ 16,000 ಯೋಜನ. ಬುಡದ ಅಗಲ 16,000 ಯೋಜನ, ನೆತ್ತಿಯ ಅಗಲ 32,000. ಅಂದರೆ ಕೆಳಗೆ ಸಣ್ಣದು, ಮೇಲೆ ದೊಡ್ಡದು. ಭೂಮಿಯೆಂಬ ತಾವರೆಯ ನಡುವಿನ ಬೀಜಕೋಶದ ಹಾಗೆ ಎನ್ನುತ್ತದೆ ಪುರಾಣ. ತಾವರೆಯ ಬೀಜಕೋಶವನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ನನಗಾದರೋ ಕೋಟೇಶ್ವರದ ಕೊಡಿ ಹಬ್ಬದ ತೇರು ನೆನಪಾಗುತ್ತದೆ. ನಮ್ಮ ಕರಾವಳಿಯ ಬ್ರಹ್ಮರಥಗಳ ಆಕಾರವೇ ಹಾಗೆ: ಕೆಳಗೆ ಗಾಲಿ, ಅದರ ಮೇಲೆ ಮರದ ಅಟ್ಟೆ, ಅದರ ಮೇಲೆ ಪತಾಕೆಗಳ ದೊಡ್ಡ ಗೋಳ, ಬುಡಕ್ಕಿಂತ ಎಷ್ಟೋ ಅಗಲ. ಅದು ಅಲುಗಿ ಹೊರಟಾಗ ಕೆಳಗೆ ನಿಂತವರು ಉಸಿರು ಬಿಗಿಹಿಡಿಯುತ್ತಾರೆ. ಮೇಲೆ ಭಾರ ಹೆಚ್ಚಾದ ಬೆಟ್ಟ ನಿಲ್ಲುವುದು ಹೇಗೆ ಎಂಬ ಸಂಶಯಕ್ಕೆ ಹಿಂದಿನವರ ಉತ್ತರ ಸಿದ್ಧವಿತ್ತು: ನಾಲ್ಕು ದಿಕ್ಕಿಗೆ ನಾಲ್ಕು ಬೆಟ್ಟಗಳು ಊರುಗೋಲಾಗಿ ನಿಂತಿವೆ.

ಆ ನಾಲ್ಕರಲ್ಲಿ ಗಂಧಮಾದನದ ಮೇಲೆ ಒಂದು ನೇರಳೆ ಮರ. ಆನೆಯ ಗಾತ್ರದ ಹಣ್ಣುಗಳು ಬಿದ್ದು ಒಡೆದು, ಆ ರಸವೇ ಜಂಬೂನದಿಯಾಗಿ ಹರಿಯುತ್ತದೆ. ದಡದ ಮಣ್ಣು ರಸ ಕುಡಿದು, ಗಾಳಿಗೆ ಒಣಗಿ ಚಿನ್ನವಾಗುತ್ತದೆ. ನಾವಿರುವ ದ್ವೀಪಕ್ಕೆ ಜಂಬೂದ್ವೀಪ ಎಂಬ ಹೆಸರು ಆ ನೇರಳೆಯಿಂದ. ಬೇಸಿಗೆಯ ಕೊನೆಯಲ್ಲಿ ನೇರಳೆ ಮರದಡಿ ನಡೆದು ಅಂಗಾಲು ಕಪ್ಪುನೀಲಿ ಮಾಡಿಕೊಂಡು ಬಂದ ಯಾವ ಮಗುವಿಗೂ ಈ ನದಿಯನ್ನು ಊಹಿಸುವುದು ಕಷ್ಟವಲ್ಲ. ಮೇರುವಿನ ನೆತ್ತಿಯಲ್ಲಿ ಬ್ರಹ್ಮನ ಪಟ್ಟಣ. ಆಕಾಶದಿಂದ ಇಳಿದ ಗಂಗೆ ಅಲ್ಲಿ ಸೀತಾ, ಅಲಕನಂದಾ, ಚಕ್ಷು, ಭದ್ರಾ ಎಂದು ನಾಲ್ಕಾಗಿ ಒಡೆದು ನಾಲ್ಕು ದಿಕ್ಕಿಗೆ ಹೋಗುತ್ತಾಳೆ. ಕೋಡಿಯ ಅಳಿವೆಯಲ್ಲಿ ನಿಂತು ಇದನ್ನು ನೆನೆಯುವಾಗ ಚಿತ್ರ ತಲೆಕೆಳಗಾಗಿ ಕಾಣುತ್ತದೆ. ಅಲ್ಲಿ ಒಂದು ಹೊಳೆ ನಾಲ್ಕಾಯಿತು. ಇಲ್ಲಿ ಸೌಪರ್ಣಿಕಾ, ವಾರಾಹಿ, ಚಕ್ರಾ ಮೊದಲಾದ ಐದು ಹೊಳೆಗಳು ಕೂಡಿ ಪಂಚಗಂಗಾವಳಿ ಎಂಬ ಒಂದೇ ಹೆಸರಿನಲ್ಲಿ ಕಡಲಿಗೆ ಬೀಳುತ್ತವೆ, ಆಚೆ ದಡದಲ್ಲಿ ಗಂಗೊಳ್ಳಿ, ಈಚೆ ದಡದಲ್ಲಿ ಕೋಡಿ. ಕೋಡು ಎಂದರೆ ಶಿಖರ, ಕೋಡಿ ಎಂದರೆ ತುದಿ. ಬೆಟ್ಟದ ನೀರು ನೆಲ ಮುಗಿಯುವ ತುದಿಗೆ ಬಂದು ಸೇರುವ ಜಾಗಕ್ಕೆ ಇದಕ್ಕಿಂತ ಒಳ್ಳೆಯ ಹೆಸರು ನನಗೆ ಹೊಳೆಯುವುದಿಲ್ಲ.

ಮೇರು ವೈದಿಕ ಪುರಾಣಗಳವರ ಒಬ್ಬರ ಆಸ್ತಿಯಲ್ಲ. ಬಾರಕೂರಿನ ಕತ್ತಲೆ ಬಸದಿಯನ್ನು ಕಟ್ಟಿದ ಜೈನರ ಲೋಕದ ನಡುವೆಯೂ ಅದೇ ಬೆಟ್ಟ. ಅವರ ಲೆಕ್ಕದಲ್ಲಿ ನೆಲದೊಳಗೆ 1,000 ಯೋಜನ, ಮೇಲೆ 99,000. ಹುಟ್ಟಿದ ತೀರ್ಥಂಕರನಿಗೆ ಇಂದ್ರ ಅಭಿಷೇಕ ಮಾಡುವುದು ಮೇರುವಿನ ಪಾಂಡುಕ ಶಿಲೆಯ ಮೇಲೆ. ಬೌದ್ಧರಿಗೂ ಸುಮೇರುವೇ ಲೋಕದ ನಡುಗಂಬ.

ಇಷ್ಟು ಜನರಿಗೆ ಇಷ್ಟು ದೊಡ್ಡ ಬೆಟ್ಟ ಬೇಕಾದದ್ದು ಯಾಕೆ? ಒಂದು ಕಾರಣ, ರಾತ್ರಿ. ಭೂಮಿ ತಟ್ಟೆಯ ಹಾಗೆ ಚಪ್ಪಟೆ ಎಂದು ನಂಬಿದವರಿಗೆ ಸಂಜೆ ಕಷ್ಟದ ಪ್ರಶ್ನೆ. ಸೂರ್ಯ ಎಲ್ಲಿಗೆ ಹೋದ? ನಡುವೆ ಒಂದು ಬೆಟ್ಟ ಇಟ್ಟರೆ ಉತ್ತರ ಸಿಕ್ಕಿತು. ಸೂರ್ಯ ಮುಳುಗುವುದೇ ಇಲ್ಲ, ಮೇರುವನ್ನು ಸುತ್ತುತ್ತಾನೆ. ಬೆಟ್ಟದ ಆಚೆ ಹೋದಾಗ ನಮಗೆ ಕತ್ತಲು. ಜೈನರು ಇನ್ನೂ ಮುಂದೆ ಹೋಗಿ ಎರಡು ಸೂರ್ಯ, ಎರಡು ಚಂದ್ರರನ್ನು ಇಟ್ಟರು, ಒಬ್ಬೊಬ್ಬ ಸೂರ್ಯ ದಿನ ಬಿಟ್ಟು ದಿನ ನಮ್ಮ ಕಡೆ ಬರುತ್ತಾನೆ. ವಿಂಧ್ಯ ಪರ್ವತ ಹೊಟ್ಟೆಕಿಚ್ಚಿನಿಂದ ಬೆಳೆದ ಕಥೆಯ ಬೇರೂ ಇಲ್ಲೇ ಇದೆ: ಮೇರುವನ್ನು ಸುತ್ತುವ ನೀನು ನನ್ನನ್ನೂ ಸುತ್ತು ಎಂದು ಅದು ಸೂರ್ಯನನ್ನು ಕೇಳಿತು, ಅವನು ಒಪ್ಪಲಿಲ್ಲ. ಅದನ್ನು ಬಗ್ಗಿಸಲೆಂದೇ ಅಗಸ್ತ್ಯ ದಕ್ಷಿಣಕ್ಕೆ ಬಂದ, ತಿರುಗಿ ಹೋಗಲಿಲ್ಲ.

ಇದನ್ನು ಮೂಢನಂಬಿಕೆ ಎಂದು ಒಂದೇ ಮಾತಿನಲ್ಲಿ ಪಕ್ಕಕ್ಕೆ ಇಡುವುದು ಸುಲಭ. ಆದರೆ ಈ ಬೆಟ್ಟವನ್ನು ಎದುರು ಹಾಕಿಕೊಂಡವರು ಹೊರಗಿನವರಲ್ಲ, ಇಲ್ಲಿನ ಗಣಿತಜ್ಞರೇ. ಎಂಟನೆಯ ಶತಮಾನದ ಲಲ್ಲ ಕೇಳಿದ ಪ್ರಶ್ನೆ ಓದಿದಾಗ ನನಗೆ ಮೈ ಜುಮ್ಮೆಂದಿತ್ತು. ಭೂಮಿ ಸಮತಟ್ಟಾಗಿದ್ದರೆ ತಾಳೆಯಂಥ ಎತ್ತರದ ಮರಗಳು ದೂರ ಹೋದಂತೆ ಯಾಕೆ ಕಣ್ಣಿಗೆ ಬೀಳುವುದಿಲ್ಲ ಎಂದು ಅವನು ಕೇಳುತ್ತಾನೆ. ಇದು ನಮ್ಮ ಕಡಲಿನವರ ತೆಂಗಿನ ಮರದ ಮಾತೇ! ಭಾಸ್ಕರಾಚಾರ್ಯ (ಜನನ 1114) 1150ರ ಸಿದ್ಧಾಂತಶಿರೋಮಣಿಯಲ್ಲಿ ನೇರವಾಗಿ ಮೇರುವಿಗೇ ಕೈ ಹಾಕುತ್ತಾನೆ. ರಾತ್ರಿಗೆ ಕಾರಣ ಆ ಚಿನ್ನದ ಬೆಟ್ಟವಾದರೆ, ನಮಗೂ ಸೂರ್ಯನಿಗೂ ನಡುವೆ ಅದು ಅಡ್ಡ ಬಂದಾಗ ಯಾಕೆ ಕಾಣುವುದಿಲ್ಲ? ಮೇರು ಇರುವುದು ಉತ್ತರದಲ್ಲಿ. ಹಾಗಾದರೆ ಸೂರ್ಯ ದಕ್ಷಿಣಕ್ಕೆ ಸರಿದು ಹುಟ್ಟುವುದು ಹೇಗೆ? ಭೂಮಿ ನಮ್ಮ ಕಣ್ಣಿಗೆ ಚಪ್ಪಟೆಯಾಗಿ ಕಾಣುವುದಕ್ಕೂ ಅವನು ಕಾರಣ ಕೊಡುತ್ತಾನೆ. ದೊಡ್ಡ ವೃತ್ತದ ಪರಿಧಿಯಲ್ಲಿ ನೂರರಲ್ಲೊಂದು ಪಾಲನ್ನು ಮಾತ್ರ ನೋಡಿದರೆ ಅದು ನೇರ ಗೆರೆಯ ಹಾಗೇ ಕಾಣುತ್ತದೆ. ಭೂಮಿ ಬಹಳ ದೊಡ್ಡದು, ಮನುಷ್ಯ ಬಹಳ ಸಣ್ಣವನು. ಕೋಡಿಯ ಮರಳಿನಲ್ಲಿ ನಿಂತು ಕಡಲನ್ನು ಎಡದಿಂದ ಬಲಕ್ಕೆ ನೋಡುವಾಗ ಆಗುವುದು ಇದೇ.

ಇವರಿಗೆಲ್ಲ ಹಿರಿಯ ಆರ್ಯಭಟ. ಹುಟ್ಟಿದ್ದು 476ರಲ್ಲಿ. 499ರಲ್ಲಿ ತನಗೆ 23 ವರ್ಷ ಎಂಬ ಲೆಕ್ಕವನ್ನು ಆರ್ಯಭಟೀಯದಲ್ಲಿ ಕೊಡುತ್ತಾನೆ. ಅವನ ಭೂಮಿ ಗೋಲ, ವ್ಯಾಸ 1,050 ಯೋಜನ. ಅವನ ಯೋಜನ ಎಂದರೆ 8,000 ಆಳುದ್ದ. ನಾವು ಬಾವಿಯ ಆಳವನ್ನು ಎರಡಾಳು, ಮೂರಾಳು ಎನ್ನುತ್ತೇವಲ್ಲ, ಅದೇ ಬಗೆಯ ಅಳತೆ. ಇವತ್ತಿನ ಲೆಕ್ಕಕ್ಕೆ ತಂದರೆ ಒಂದು ಯೋಜನ ಹನ್ನೆರಡು ಹದಿಮೂರು ಕಿಲೋಮೀಟರ್. ಈಗ ಒಂದು ಭಾಗಾಕಾರ ಮಾಡಿ ನೋಡಿ. ಪುರಾಣದ ಮೇರುವಿನ 84,000 ಯೋಜನವನ್ನು 1,050ರಿಂದ ಭಾಗಿಸಿದರೆ ಸಿಗುವುದು 80. ಬೆಟ್ಟ ತಾನು ನಿಂತ ಭೂಮಿಗಿಂತ ಎಂಬತ್ತು ಪಟ್ಟು ದೊಡ್ಡದು! ಕಿಲೋಮೀಟರಿನಲ್ಲಿ ಹತ್ತು ಲಕ್ಷದ ಆಸುಪಾಸು. ಚಂದ್ರ ಇರುವುದು 3,84,400 ಕಿಲೋಮೀಟರ್ ದೂರದಲ್ಲಿ. ಅಂಥ ಬೆಟ್ಟ ಈ ಗೋಲದ ಮೇಲೆ ನಿಲ್ಲಲು ಸಾಧ್ಯವೇ ಇಲ್ಲ.

ಆ ಹುಡುಗ ಮಾಡಿದ ಕೆಲಸ ನನಗೆ ಬಹಳ ಇಷ್ಟ. ಅವನು ಮೇರುವನ್ನು ಎಸೆಯಲಿಲ್ಲ, ಗಾತ್ರ ಇಳಿಸಿದ. ಮೇರುವಿನ ಅಳತೆ ಒಂದು ಯೋಜನ, ಅದು ನಂದನವನದ ನಡುವೆ, ಹಿಮವಂತ ಬೆಟ್ಟಗಳು ಸುತ್ತುವರಿದು, ರತ್ನಮಯವಾಗಿ, ಎಲ್ಲ ಕಡೆಯೂ ದುಂಡಗೆ ಇದೆ ಎಂದ. ಹನ್ನೆರಡು ಕಿಲೋಮೀಟರ್ ಎಂದರೂ 8,849 ಮೀಟರಿನ ಎವರೆಸ್ಟಿಗಿಂತ ಎತ್ತರವೇ. ಜಾಗವನ್ನೂ ಗೊತ್ತು ಮಾಡಿದ: ಗೋಲದ ಉತ್ತರದ ತುದಿ, ಅಂದರೆ ಧ್ರುವ. ಅದಕ್ಕೆ ನೇರ ಕೆಳಗೆ, ನೀರಿನ ನಡುವೆ, ಬಡವಾಮುಖವೆಂಬ ದಕ್ಷಿಣದ ತುದಿ. ಸೂರ್ಯಸಿದ್ಧಾಂತ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಮೇರುವನ್ನು ಭೂಮಿಯ ನಡುವಿನಿಂದ ತೂರಿ ಎರಡೂ ಕಡೆ ಹೊರಬಂದ ದಂಡವಾಗಿಸಿತು, ಮೇಲಿನ ತುದಿಯಲ್ಲಿ ದೇವತೆಗಳು, ಕೆಳಗಿನ ತುದಿಯಲ್ಲಿ ಅಸುರರು. ಇವತ್ತು ನಾವು ಭೂಮಿಯ ಅಕ್ಷ ಎನ್ನುವ ಗೆರೆ ಅದು.

ಇಲ್ಲಿ ಒಂದು ಅಚ್ಚರಿ ಇದೆ. ಉತ್ತರ ಧ್ರುವದಲ್ಲಿ ನಿಂತವನಿಗೆ ಬೇಸಿಗೆಯ ಸೂರ್ಯ ಮುಳುಗುವುದಿಲ್ಲ. ಗಾಣದ ಎತ್ತಿನ ಹಾಗೆ ದಿಗಂತಕ್ಕೆ ಸಮನಾಗಿ ಸುತ್ತುತ್ತಲೇ ಇರುತ್ತಾನೆ. ಸೂರ್ಯ ಮೇರುವನ್ನು ಸುತ್ತುತ್ತಾನೆ ಎಂಬ ಪುರಾಣದ ಮಾತು ಕೋಡಿಯಲ್ಲಿ ಸುಳ್ಳು, ಕಾಶಿಯಲ್ಲಿ ಸುಳ್ಳು, ಮೇರುವನ್ನು ಜ್ಯೋತಿಷಿಗಳು ಒಯ್ದಿಟ್ಟ ಆ ಒಂದು ಜಾಗದಲ್ಲಿ ಮಾತ್ರ ಅಕ್ಷರಶಃ ನಿಜ. ಆರು ತಿಂಗಳು ಹಗಲು, ಆರು ತಿಂಗಳು ರಾತ್ರಿ. ಮನುಷ್ಯರ ಒಂದು ವರ್ಷ ದೇವತೆಗಳಿಗೆ ಒಂದು ದಿನ ಎಂಬ ಮಾತೂ ಅಲ್ಲಿ ಸರಿಹೊಂದುತ್ತದೆ. ದೇವತೆಗಳ ಹಗಲು ಉತ್ತರಾಯಣದಿಂದ ಎಂದು ರೂಢಿ ಹೇಳುತ್ತದೆ, ಸಿದ್ಧಾಂತದವರು ಹಾಗೆ ಹೇಳಲಿಲ್ಲ. ಧ್ರುವದಲ್ಲಿ ಸೂರ್ಯ ಹುಟ್ಟುವುದು ಹಗಲು ರಾತ್ರಿ ಸಮನಾಗುವ ವಿಷುವದಂದು, ಮೇಷಕ್ಕೆ ಕಾಲಿಟ್ಟಾಗ ಎಂದರು. ನಮ್ಮ ಕರಾವಳಿಯ ಸೌರಮಾನ ಯುಗಾದಿಗೆ ವಿಷು ಎಂಬ ಹೆಸರು ಬಂದದ್ದು ಆ ವಿಷುವದಿಂದ. ಆರ್ಯಭಟನ ಕಾಲದ ಸುಮಾರಿಗೆ ಎರಡೂ ಒಟ್ಟಿಗೆ ಬೀಳುತ್ತಿದ್ದವು. ಅಯನ ಚಲನೆಯಿಂದ ಈಗ ವಿಷುವ ಮಾರ್ಚ್ 20ರ ಹೊತ್ತಿಗೆ, ನಮ್ಮ ವಿಷು ಏಪ್ರಿಲ್ 14ರ ಹೊತ್ತಿಗೆ. ಕಣಿಯಲ್ಲಿ ಹಣ್ಣು, ತೆಂಗಿನಕಾಯಿ, ಕನ್ನಡಿ, ಚಿನ್ನ ಇಟ್ಟು ಬೆಳಗ್ಗೆ ಕಣ್ಣು ಬಿಡುವಾಗ ನಾವು ಆಚರಿಸುವುದು ಹಳೆಯ ಲೆಕ್ಕದ ಪ್ರಕಾರ ಮೇರುವಿನ ಮೇಲಿನ ಸೂರ್ಯೋದಯವನ್ನು. ಈ ಸಂಗತಿ ಮನಸ್ಸಿಗೆ ಬಂದ ಮೇಲೆ ನನಗೆ ಆ ಹಬ್ಬದ ರುಚಿಯೇ ಬೇರೆಯಾಗಿದೆ.

ಭೂಮಿ ಗುಂಡಾದಾಗ ಬೆಟ್ಟವನ್ನು ಎಲ್ಲಿ ಇಡುವುದು ಎಂಬ ಕಷ್ಟ ಇಪ್ಪತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಒಬ್ಬ ಭಾಷಾ ಪ್ರಾಧ್ಯಾಪಕರಿಗೂ ಎದುರಾಯಿತು. ಜೆ.ಆರ್.ಆರ್. ಟೋಲ್ಕಿನ್ (1892–1973) ತಾವೇ ಕಟ್ಟಿದ ಲೋಕದ ಅತಿ ಎತ್ತರದ ಬೆಟ್ಟಕ್ಕೆ ತನಿಕ್ವೆಟಿಲ್ ಎಂದು ಹೆಸರಿಟ್ಟರು. ಪಶ್ಚಿಮದ ಕಡಲಾಚೆ, ಸದಾ ಹಿಮ ಹೊದ್ದ ಶಿಖರ. ಅದರ ನೆತ್ತಿಯಲ್ಲಿ ಗಾಳಿಯ ಅಧಿಪತಿ ಮಾನ್ವೆಯ ಆಸನ. ಅವರು ತೀರಿಕೊಂಡ ಮೇಲೆ ಮಗ ಕ್ರಿಸ್ಟೋಫರ್ 1977ರಲ್ಲಿ ಪ್ರಕಟಿಸಿದ ಸಿಲ್ಮರಿಲಿಯನ್ ಪುಸ್ತಕದಲ್ಲಿ ಆ ಲೋಕ ಮೊದಲು ಚಪ್ಪಟೆ. ಮನುಷ್ಯರು ಸಾವಿಲ್ಲದವರ ನಾಡಿನ ಮೇಲೆ ಹಡಗು ಕಟ್ಟಿ ದಂಡೆತ್ತಿ ಹೋದಾಗ ಲೋಕವನ್ನು ಬಗ್ಗಿಸಿ ಗೋಲ ಮಾಡಲಾಗುತ್ತದೆ, ಆ ನಾಡನ್ನು ಬೆಟ್ಟದ ಸಮೇತ ಲೋಕದ ಹೊರಗೆ ಎತ್ತಿಡಲಾಗುತ್ತದೆ. ಆಮೇಲೆ ಪಶ್ಚಿಮಕ್ಕೆ ಹೊರಟ ಮನುಷ್ಯರ ಹಡಗು ಸುತ್ತಿ ಸುತ್ತಿ ಹೊರಟಲ್ಲಿಗೇ ಬರುತ್ತದೆ. ಎಲ್ಫ್‌ಗಳೆಂಬ ಹಿರಿಯ ಜನರ ಹಡಗಿಗೆ ಮಾತ್ರ, ಬಾಗಿದ ನೀರನ್ನು ಬಿಟ್ಟು ನೇರ ಹೋಗುವ ಹಳೆಯ ದಾರಿ ಸಿಗುತ್ತದೆ. ಕೋಡಿಯಿಂದ ಹೊರಟ ಬೋಟು ದಿಗಂತದಲ್ಲಿ ಇಳಿದು ಮರೆಯಾಗುವುದನ್ನು ನೋಡುವಾಗಲೆಲ್ಲ ಈ ಚಿತ್ರ ನನ್ನ ಕಣ್ಣ ಮುಂದೆ ಬರುತ್ತದೆ. ಟೋಲ್ಕಿನ್ ಬೆಟ್ಟವನ್ನು ಲೋಕದ ಹೊರಗೆ ಕಳಿಸಿದರು. ಆರ್ಯಭಟ ಲೋಕದ ತುದಿಯಲ್ಲೇ ಉಳಿಸಿಕೊಂಡ. ನನ್ನ ಮನಸ್ಸು ಆರ್ಯಭಟನ ಕಡೆಗೆ.

ಕಾಣದ ಬೆಟ್ಟವನ್ನು ಜನ ಕಲ್ಲಿನಲ್ಲಿ, ಮರದಲ್ಲಿ ಕಟ್ಟಿಕೊಂಡದ್ದು ಇನ್ನೊಂದು ದೊಡ್ಡ ಕಥೆ. ವರಾಹಮಿಹಿರನ ಬೃಹತ್ಸಂಹಿತೆ ಇಪ್ಪತ್ತು ಬಗೆಯ ದೇವಾಲಯಗಳನ್ನು ಹೇಳುವಾಗ ಮೊದಲ ಹೆಸರೇ ಮೇರು: ಆರು ಮೂಲೆ, ಹನ್ನೆರಡು ಅಂತಸ್ತು, ನಾಲ್ಕು ಬಾಗಿಲು. ಕಾಂಬೋಡಿಯದ ಅಂಗ್ಕೋರ್ ವಾಟ್‌ನ ಐದು ಗೋಪುರಗಳು ಮೇರುವಿನ ಶಿಖರಗಳು. ಬಾಲಿಯ ದೇವಸ್ಥಾನಗಳಲ್ಲಿ ಹನ್ನೊಂದರ ತನಕ ಮಾಡು ಪೇರಿಸಿದ ಗುಡಿಗಳನ್ನು ಇವತ್ತಿಗೂ ಮೇರು ಎಂದೇ ಕರೆಯುತ್ತಾರೆ. ಥಾಯ್ಲೆಂಡಿನ ದೊರೆ ಭೂಮಿಬಲರ ಅಂತ್ಯಸಂಸ್ಕಾರಕ್ಕೆ 2017ರ ಅಕ್ಟೋಬರಿನಲ್ಲಿ ಎಬ್ಬಿಸಿದ ಚಿತಾಮಂದಿರವೂ ಮೇರುವಿನ ರೂಪದ್ದೇ, ಐವತ್ತು ಮೀಟರ್ ಎತ್ತರ. ಜಾವಾದವರ ಕಥೆಯಂತೂ ಮನಸ್ಸಿಗೆ ಹತ್ತಿರ. ಅವರ ದ್ವೀಪ ಲಂಗರಿಲ್ಲದ ದೋಣಿಯ ಹಾಗೆ ಅಲ್ಲಾಡುತ್ತಿತ್ತಂತೆ. ದೇವತೆಗಳು ಜಂಬೂದ್ವೀಪದಿಂದ ಮೇರುವನ್ನು ಹೊತ್ತು ತಂದು ಪಶ್ಚಿಮದಲ್ಲಿ ಇಟ್ಟರು, ದ್ವೀಪ ಆ ಕಡೆಗೆ ವಾಲಿತು. ಪೂರ್ವಕ್ಕೆ ಸಾಗಿಸುವಾಗ ದಾರಿಯುದ್ದಕ್ಕೂ ಉದುರಿದ ಚೂರುಗಳೇ ಉಳಿದ ಬೆಟ್ಟಗಳು. 3,676 ಮೀಟರಿನ ಸೆಮೇರು ಇಂದಿಗೂ ಹೊಗೆಯಾಡುವ ಜ್ವಾಲಾಮುಖಿ, ಜಾವಾದಲ್ಲಿ ಅದಕ್ಕಿಂತ ಎತ್ತರದ ಬೆಟ್ಟವಿಲ್ಲ. ದೋಣಿಯಲ್ಲಿ ಮೀನು ಒಂದೇ ಕಡೆ ತುಂಬಿದರೆ ಏನಾಗುತ್ತದೆ ಎಂದು ಬಲ್ಲ ಜನರೇ ಕಟ್ಟಿದ ಕಥೆ ಇರಬೇಕು ಅದು.

ನಮ್ಮವರು ಅದನ್ನು ಕಲ್ಲಿನಲ್ಲಿ ಕಟ್ಟಿದ್ದಕ್ಕಿಂತ ಮಾತಿನಲ್ಲಿ ಕಟ್ಟಿದ್ದು ಹೆಚ್ಚು. ಮಂದಾರ್ತಿ, ಮಾರಣಕಟ್ಟೆ, ಕಮಲಶಿಲೆ, ಸಾಲಿಗ್ರಾಮ, ಪೆರ್ಡೂರು: ಇಷ್ಟು ಯಕ್ಷಗಾನ ಮೇಳಗಳು ರಾತ್ರಿಯಿಡೀ ಕುಣಿದ ಸೀಮೆ ಇದು. ಬಡಗುತಿಟ್ಟಿನ ರಂಗಸ್ಥಳದಲ್ಲಿ ಪರದೆಯ ಚಿತ್ರ ಇಲ್ಲ. ನಾಲ್ಕು ಕಂಬ, ಮಾವಿನ ಎಲೆ, ಕೂರಲು ಒಂದು ಪೀಠ. ಸಮುದ್ರ ಮಥನದ ಆಟಕ್ಕೆ ಮಂದರ ಪರ್ವತವನ್ನು ಯಾರೂ ಹೊತ್ತು ತರುವುದಿಲ್ಲ. ಭಾಗವತರ ಸ್ವರ ಏರಬೇಕು, ಚೆಂಡೆ ಏರಬೇಕು, ಅರ್ಥ ಹೇಳುವವರು ತಲೆ ಎತ್ತಿ ಕತ್ತಲೆಯೊಳಗೆ ಒಂದು ಕಡೆ ದಿಟ್ಟಿಸಬೇಕು. ಗದ್ದೆಯಲ್ಲಿ ಚಾಪೆ ಹಾಸಿ ಕೂತವರ ಕತ್ತೂ ಆ ಕಡೆ ಮೇಲಕ್ಕೆ ಹೋಗುತ್ತದೆ. ಮೂರು ಪುರಗಳನ್ನು ಸುಡಲು ಹೊರಟ ಶಿವನಿಗೆ ಮೇರುವೇ ಬಿಲ್ಲು. ಬಿಲ್ಲು ಹಿಡಿದ ಹಾಗೆ ಬಾಗಿಸಿದ ಒಂದು ಕೈ ಸಾಕು, ಆ ಬಾಗಿನಲ್ಲಿ ಎಂಬತ್ತನಾಲ್ಕು ಸಾವಿರ ಯೋಜನ ಇರುತ್ತದೆ. ಹಾಗೆ ಮೇಲೆ ನೋಡಿದ ನೆನಪು ನನ್ನ ಕತ್ತಿಗೆ ಇನ್ನೂ ಇದೆ.

ಇಷ್ಟು ಅಳತೆ, ಇಷ್ಟು ಬಣ್ಣ, ಇಷ್ಟು ತರ್ಕ ಪಡೆದ ಬೆಟ್ಟವನ್ನು ಮನುಷ್ಯರು ಕಣ್ಣಾರೆ ಕಾಣುವ ಒಂದು ಗಳಿಗೆ ಮಹಾಭಾರತದ ಕೊನೆಯಲ್ಲಿದೆ. ಎಲ್ಲವನ್ನೂ ಬಿಟ್ಟ ಪಾಂಡವರು ನಾರುಬಟ್ಟೆ ಉಟ್ಟು ಹೊರಟಿದ್ದಾರೆ, ಹಿಂದೆ ಒಂದು ನಾಯಿ. ಭೂಮಿಯನ್ನು ಸುತ್ತು ಹಾಕಿ ಉತ್ತರಕ್ಕೆ ತಿರುಗುತ್ತಾರೆ, ಹಿಮಾಲಯ ದಾಟುತ್ತಾರೆ. ಆಚೆ ಏನಿದೆ? ವ್ಯಾಸರು ಅಲ್ಲಿ ಇಟ್ಟದ್ದು ವಾಲುಕಾರ್ಣವ, ಮರಳಿನ ಕಡಲು. ಕೋಡಿಯಲ್ಲಿ ಹುಟ್ಟಿದವನಿಗೆ ಮರಳಿನಲ್ಲಿ ನಡೆಯುವುದೆಂದರೆ ಏನೆಂದು ಗೊತ್ತು: ಇಟ್ಟ ಹೆಜ್ಜೆಯಲ್ಲಿ ಅರ್ಧ ಹಿಂದಕ್ಕೆ ಜಾರುತ್ತದೆ, ಮೀನಖಂಡ ಹಿಡಿಯುತ್ತದೆ, ಮುಂದೆ ನೋಡಿದರೆ ದೂರ ಕಮ್ಮಿಯಾಗಿರುವುದಿಲ್ಲ. ಆ ಮರಳಿನ ಆಚೆ ಅವರಿಗೆ ಬೆಟ್ಟಗಳಲ್ಲೇ ದೊಡ್ಡದಾದ ಮೇರು ಕಾಣಿಸುತ್ತದೆ. ಚಿನ್ನದ ಮಾತಿಲ್ಲ, ನಾಲ್ಕು ನದಿಗಳಿಲ್ಲ, ಎತ್ತರದ ಲೆಕ್ಕವಿಲ್ಲ. ಕಂಡರು, ಅಷ್ಟೆ. ಅದರ ಬೆನ್ನಿಗೇ, ಎಲ್ಲರೂ ಬೇಗ ಬೇಗ ನಡೆಯುತ್ತಿರುವಾಗ, ದ್ರೌಪದಿ ಬೀಳುತ್ತಾಳೆ.